ಮಣ್ಣಿಗೆ ಕೈ ಹಾಕಿಸುವ ಮುನ್ನ: ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ, ಉತ್ಖನನದ ನೆಲೆಯಲ್ಲಿ ಜನರ ಕೈಗೆ ಕೆಲಸ ಕೊಡುವ ಬಗೆ

ಮಕ್ಕಳಿಗಾಗಿ ಮೊದಲ ಸಲ ಅಣಕು ಉತ್ಖನನ ಏರ್ಪಡಿಸಿದಾಗ ನಾನು ಒಂದು ದೊಡ್ಡ ತೊಟ್ಟಿಗೆ ಮರಳು ತುಂಬಿ, ಅದರೊಳಗೆ ಮಣಿ, ಬಳೆ ಚೂರು, ನಾಣ್ಯದ ಪ್ರತಿಕೃತಿಗಳನ್ನು ಧಾರಾಳವಾಗಿ ಹೂತಿಟ್ಟಿದ್ದೆ. ಆರು ಮಕ್ಕಳು ಕುಳಿತರು. ಎಂಟು ನಿಮಿಷದಲ್ಲಿ ತೊಟ್ಟಿ ಬರಿದಾಯಿತು. ಒಬ್ಬ ಹುಡುಗ ಅಂಗೈ ತುಂಬ ಮಣಿ ಹಿಡಿದು ಬಂದು, "ನಾನೇ ಗೆದ್ದವನು, ಅಲ್ಲವೇ?" ಎಂದು ಕೇಳಿದ. ಆ ಮಣಿಗಳು ಯಾವ ಮೂಲೆಯಲ್ಲಿದ್ದವು, ಎಷ್ಟು ಆಳದಲ್ಲಿದ್ದವು, ಒಟ್ಟಿಗಿದ್ದವೋ ಚದುರಿದ್ದವೋ ಎಂದು ನಾನು ಕೇಳಿದೆ. ಅವನು ಸುಮ್ಮನೆ ನನ್ನ ಮುಖ ನೋಡಿದ. ತಪ್ಪು ಅವನದಲ್ಲ. ಪುರಾತತ್ವದ ಹೆಸರಿನಲ್ಲಿ ನಾನು ಅವನಿಗೆ ನಿಧಿ ಬೇಟೆ ಕಲಿಸಿದ್ದೆ.

ಅಂದಿನಿಂದ ಪ್ರತಿಯೊಂದು ಚಟುವಟಿಕೆಯನ್ನೂ ಒಂದೇ ಅಳತೆಗೋಲಿನಿಂದ ಅಳೆಯುತ್ತೇನೆ: ಮುಗಿಸಿ ಹೊರಡುವವರ ಬಾಯಲ್ಲಿ "ಏನು ಸಿಕ್ಕಿತು" ಎನ್ನುವುದಕ್ಕೆ ಮೊದಲು "ಎಲ್ಲಿ ಸಿಕ್ಕಿತು" ಎಂಬ ಮಾತು ಬರುತ್ತದೆಯೇ? ಒಮ್ಮೆ ಅಗೆದ ಪದರವನ್ನು ಮತ್ತೆ ಜೋಡಿಸಲು ಬರುವುದಿಲ್ಲ, ಬರೆದಿಟ್ಟದ್ದಷ್ಟೇ ಉಳಿಯುತ್ತದೆ. ಇದನ್ನು ಫಲಕದಲ್ಲಿ ಬರೆದು ತೂಗುಹಾಕಿದರೆ ಯಾರೂ ಓದುವುದಿಲ್ಲ. ಕೈಯಲ್ಲಿ ಮಾಡಿದವರಿಗೆ ಮಾತ್ರ ತಿಳಿಯುತ್ತದೆ. ಈ ಮಾರ್ಗದರ್ಶಿ ಅಂಥ ಕೆಲಸಗಳನ್ನು ಸಿದ್ಧಪಡಿಸುವವರಿಗಾಗಿ.

ಯಾವುದು ಜನರ ಕೈಗೆ, ಯಾವುದು ಕಪಾಟಿಗೆ

ಎಲ್ಲಕ್ಕಿಂತ ಮೊದಲು ವಸ್ತುಗಳನ್ನು ಮೂರು ರಾಶಿ ಮಾಡಿ. ಮೊದಲನೆಯದು ಪ್ರತಿಕೃತಿಗಳು: ಒಡೆದರೆ ಇನ್ನೊಂದು ಮಾಡಿಸಬಹುದಾದವು. ಎರಡನೆಯದು ಮೂಲ ವಸ್ತುಗಳೇ ಆದರೂ ಸಿಕ್ಕಿದ ಜಾಗದ ದಾಖಲೆ ಕಳೆದುಹೋದವು: ಪದರದ ಗುರುತಿಲ್ಲದ ಬೋಕಿಗಳು (ಮಡಕೆಯ ಚೂರುಗಳು), ಇಟ್ಟಿಗೆ ಚೂರು, ಅರೆಯುವ ಕಲ್ಲಿನ ತುಂಡು. ಸಂಶೋಧನೆಗೆ ಇವುಗಳ ಬೆಲೆ ಕಡಿಮೆ. ಆದರೆ ಸಾವಿರಾರು ವರ್ಷ ಹಳೆಯ ಮಡಕೆಯ ಚೂರೊಂದನ್ನು ಬೆರಳಲ್ಲಿ ಹಿಡಿದು, ಕುಂಬಾರನ ಬೆರಳಿನ ಗೆರೆಯ ಮೇಲೆ ತನ್ನ ಬೆರಳನ್ನು ಇಟ್ಟು ನೋಡುವವರಿಗೆ ಆ ಲೆಕ್ಕ ಬೇಕಿಲ್ಲ. ಮೂರನೆಯ ರಾಶಿ ಯಾವ ಕಾರಣಕ್ಕೂ ಹೊರಬರಬಾರದು: ಲೋಹ, ಗಾಜು, ಬಣ್ಣ ಬಳಿದದ್ದು, ದಂತ, ಬಟ್ಟೆ, ಮನುಷ್ಯರ ಮೂಳೆ. ಬೆವರಿನ ಉಪ್ಪು ಕಂಚನ್ನು ತಿನ್ನುತ್ತದೆ. ಮನುಷ್ಯರ ಮೂಳೆಯ ವಿಷಯ ಬೇರೆ: ಅದು ಯಾರದೋ ಹಿರಿಯರ ದೇಹ, ಆಟದ ಸಾಮಾನಲ್ಲ. ಅಣಕು ಗುಂಡಿಯಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರ ಹೂಳುವ ಚಾಳಿಯೂ ನನಗೆ ಹಿಡಿಸುವುದಿಲ್ಲ. ಒಮ್ಮೆ ತಲೆಬುರುಡೆ ಕಂಡರೆ ಮತ್ತೆ ಯಾರೂ ಮಣ್ಣಿನ ಬಣ್ಣ ನೋಡುವುದಿಲ್ಲ.

ಮೂಲ ವಸ್ತುವನ್ನು ಯಾರಿಗೂ ಮನೆಗೆ ಕೊಟ್ಟು ಕಳುಹಿಸಬೇಡಿ. ಇಂಗ್ಲೆಂಡಿನ ಮೇಡನ್ ಕ್ಯಾಸಲ್ ಕೋಟೆಯನ್ನು 1934ರಿಂದ 1937ರವರೆಗೆ ಅಗೆಸಿದ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ನೋಡಲು ಬಂದ ಜನರನ್ನು ಆದರದಿಂದ ಬರಮಾಡಿಕೊಂಡವರು. ಉತ್ಖನನ ಜನರದ್ದು ಎಂದು ನಂಬಿದವರು. ಆದರೆ ಖರ್ಚು ತೂಗಿಸಲು ಕವಣೆಕಲ್ಲು, ಬೋಕಿ ಚೂರುಗಳನ್ನು ಅವರ ತಂಡ ಸಂದರ್ಶಕರಿಗೆ ಮಾರಿದ್ದೂ ಉಂಟು. ಅವರ ಆದರವನ್ನು ಅನುಸರಿಸಿ, ಆ ವ್ಯಾಪಾರವನ್ನಲ್ಲ.

ಅಣಕು ಗುಂಡಿ: ಹೂಳುವುದರಲ್ಲಿದೆ ಜಾಣತನ

ಅಣಕು ಉತ್ಖನನದ ಯಶಸ್ಸು ತೀರ್ಮಾನವಾಗುವುದು ಅಗೆಯುವ ಮೊದಲೇ, ನೀವು ತುಂಬುವಾಗ. ಬರೀ ಮರಳು ಬೇಡ. ಮರಳಿನಲ್ಲಿ ಪದರ ನಿಲ್ಲುವುದಿಲ್ಲ, ಗೋಡೆ ನಿಲ್ಲುವುದಿಲ್ಲ, ಹಾಗಾಗಿ ಕಥೆಯೂ ನಿಲ್ಲುವುದಿಲ್ಲ.

ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಅರ್ಧ ಮೀಟರ್ ಎತ್ತರದ ಮರದ ಪೆಟ್ಟಿಗೆ ಐದು ಜನರಿಗೆ ಸಾಕು. ತಳದಲ್ಲಿ ನೀರು ಬಸಿಯಲು ತೂತು, ಅದರ ಮೇಲೆ ಒರಟು ಬಟ್ಟೆ. ನಲವತ್ತು ಸೆಂಟಿಮೀಟರ್ ಮಣ್ಣು ತುಂಬಿದರೆ ಪೆಟ್ಟಿಗೆ ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ. ಆದ್ದರಿಂದ ಅದರ ಜಾಗ ಗಟ್ಟಿ ನೆಲ, ಮಹಡಿಯಲ್ಲ. ತುಂಬುವ ಕ್ರಮ ಕೆಳಗಿನಿಂದ ಮೇಲಕ್ಕೆ ಹೀಗೆ:

1. ಹಳದಿ ಛಾಯೆಯ ಒರಟು ಮರಳು, 10 ಸೆಂಟಿಮೀಟರ್. ಇದು ಮನುಷ್ಯ ಕಾಲಿಡುವ ಮೊದಲಿನ ನೆಲ. ಇದರಲ್ಲಿ ಏನನ್ನೂ ಹೂಳಬೇಡಿ. ಏನೂ ಸಿಗದ ಪದರವನ್ನು ಗುರುತಿಸುವುದೂ ಒಂದು ಪಾಠ.
2. ಒದ್ದೆ ಜೇಡಿಯನ್ನು ಬಡಿದು ಗಟ್ಟಿ ಮಾಡಿದ 5 ಸೆಂಟಿಮೀಟರ್ ದಪ್ಪದ "ಮನೆಯ ನೆಲ". ಅದರ ಮೇಲೆ ಮೂರು ಕಲ್ಲಿಟ್ಟು ನಡುವೆ ಇದ್ದಿಲು ಪುಡಿ ಚೆಲ್ಲಿದರೆ ಒಲೆ ಸಿದ್ಧ.
3. ಬೂದಿ, ಇದ್ದಿಲು ಬೆರೆಸಿದ ಕಪ್ಪು ಮಣ್ಣು, 10 ಸೆಂಟಿಮೀಟರ್. ಜನ ಬದುಕಿದ ಕಾಲದ ಕಸ ಇಲ್ಲಿರುತ್ತದೆ.
4. ಇಟ್ಟಿಗೆ ಪುಡಿ, ಗಾರೆ ಚೂರು ಬೆರೆತ ಕೆಂಪು ಮಣ್ಣು, 10 ಸೆಂಟಿಮೀಟರ್. ಗೋಡೆ ಕುಸಿದ ಗುರುತು.
5. ಮೇಲ್ಮಣ್ಣು, 5 ಸೆಂಟಿಮೀಟರ್. ಇಲ್ಲಿ ಒಂದೆರಡು ಬಾಟಲಿ ಮುಚ್ಚಳ ಇರಲಿ.

ಇನ್ನು ಇದರೊಳಗೆ ಒಂದು ಒಗಟು ಸೇರಿಸಬೇಕು. ಕಪ್ಪು ಪದರದ ಮೇಲ್ಭಾಗದಿಂದ ಶುರುವಾಗಿ ಮನೆಯ ನೆಲವನ್ನು ಸೀಳಿಕೊಂಡು ಮರಳಿಗೆ ಇಳಿಯುವ ಒಂದು ಕುಳಿ ಮಾಡಿ. ಸುಲಭದ ಉಪಾಯ: ತಳ, ಮುಚ್ಚಳ ಎರಡೂ ಇಲ್ಲದ ಮೂವತ್ತು ಸೆಂಟಿಮೀಟರ್ ಅಗಲದ ತಗಡಿನ ಕೊಳವೆಯನ್ನು ಮೊದಲೇ ನಿಲ್ಲಿಸಿ, ಹೊರಗೆ ಪದರಗಳನ್ನು ಹಾಕುತ್ತಾ ಒಳಗೆ ಬೂದು ಬಣ್ಣದ ಸಡಿಲ ಮಣ್ಣು ತುಂಬಿ, ಕೆಂಪು ಪದರ ಹಾಕುವ ಮುನ್ನ ಕೊಳವೆಯನ್ನು ಮೇಲೆತ್ತಿಬಿಡಿ. ಕಪ್ಪು ಮಣ್ಣಿನ ನಡುವೆ ಬೂದು ಬಣ್ಣದ ವೃತ್ತವೊಂದು ಕಂಡಾಗ ಅಗೆಯುವವರ ಕೈ ತಾನಾಗಿ ನಿಲ್ಲುತ್ತದೆ. ಆಗ ಕೇಳಿ: ಈ ಕುಳಿ ಮೊದಲೋ, ಈ ನೆಲ ಮೊದಲೋ? ಕುಳಿಯ ತಳ ನೆಲಕ್ಕಿಂತ ಕೆಳಗಿದೆ. "ಕೆಳಗಿರುವುದೇ ಹಳೆಯದು" ಎಂದು ಕಲಿತವರು ಇಲ್ಲಿ ಎಡವುತ್ತಾರೆ. ಕತ್ತರಿಸಿದ್ದು ಕತ್ತರಿಸಿಕೊಂಡದ್ದಕ್ಕಿಂತ ಈಚಿನದು ಎಂದು ಅವರೇ ಕಂಡುಕೊಳ್ಳಲು ಎರಡು ನಿಮಿಷ ಬಿಡಿ. ಉತ್ತರ ನಿಮ್ಮ ಬಾಯಿಂದ ಬಂದರೆ ಕೊಳವೆ ನಿಲ್ಲಿಸಿದ ಶ್ರಮವೆಲ್ಲ ನೀರುಪಾಲು.

ಇದನ್ನು ಕಾಗದಕ್ಕಿಳಿಸುವ ಬಗೆಯೂ ಸರಳ. ಪ್ರತಿ ಪದರಕ್ಕೆ, ಕುಳಿಗೆ, ಕುಳಿಯೊಳಗಿನ ಮಣ್ಣಿಗೆ ಒಂದೊಂದು ಸಂಖ್ಯೆಯ ಚೀಟಿ ಕೊಡಿ. ಈಚಿನದು ಮೇಲೆ, ಹಿಂದಿನದು ಕೆಳಗೆ ಬರುವಂತೆ ಗೋಡೆಗೆ ಅಂಟಿಸಿ ಗೆರೆ ಎಳೆಯಿಸಿ. ಪುರಾತತ್ವಜ್ಞ ಎಡ್ವರ್ಡ್ ಹ್ಯಾರಿಸ್ 1973ರಲ್ಲಿ ರೂಪಿಸಿದ, ಇಂದು ಜಗತ್ತಿನ ಉತ್ಖನನಗಳಲ್ಲೆಲ್ಲ ಬಳಕೆಯಲ್ಲಿರುವ ಹ್ಯಾರಿಸ್ ಮ್ಯಾಟ್ರಿಕ್ಸ್ ಎಂದರೆ ಇದೇ. ಹತ್ತು ವರ್ಷದ ಮಕ್ಕಳು ಇದನ್ನು ಪದವೀಧರರಿಗಿಂತ ಬೇಗ ಹಿಡಿಯುವುದನ್ನು ನೋಡಿದ್ದೇನೆ.

ವಸ್ತುಗಳು ಕಡಿಮೆ ಇರಲಿ. ಪೆಟ್ಟಿಗೆಗೆ ಹನ್ನೆರಡು ಮೀರದಿರಲಿ. ಒಂದು ಮಡಕೆಯನ್ನು ಬಟ್ಟೆಯಲ್ಲಿ ಸುತ್ತಿ ಒಡೆದು, ಬಿದ್ದು ಒಡೆದಂತೆ ಒಂದೇ ಕಡೆ ಹರಡಿ. ಇನ್ನೊಂದು ಮಡಕೆಯ ಅರ್ಧವನ್ನು ಪಕ್ಕದ ಪೆಟ್ಟಿಗೆಯಲ್ಲಿ ಹೂಳಿ: ಎರಡು ತಂಡಗಳೂ ಒಂದೇ ಪದರದಲ್ಲಿ ಒಂದೇ ಮಡಕೆಯ ಚೂರು ಕಂಡು ಪರಸ್ಪರ ಕೂಗಿಕೊಳ್ಳುವ ಗಳಿಗೆಗಾಗಿ ನಾನು ಇಂದಿಗೂ ಕಾಯುತ್ತೇನೆ. ಒಂದು ತುಂಡನ್ನು ಬೇಕೆಂದೇ ಹೂಳದೆ ಬಿಡಿ. ಎಲ್ಲವೂ ಸಿಗುವ ಉತ್ಖನನ ಎಲ್ಲೂ ಇಲ್ಲ. ಮೇಲಿನಿಂದ ಮನೆಯ ನೆಲದವರೆಗೆ ಇಲಿಯ ಬಿಲದಂಥ ಓರೆ ಸುರಂಗ ಮಾಡಿ, ಅದರ ಕೊನೆಯಲ್ಲಿ ಒಂದು ಬಾಟಲಿ ಮುಚ್ಚಳ ಇಡುವುದು ಸ್ವಲ್ಪ ಕುಚೇಷ್ಟೆಯೇ. ಪ್ರಾಚೀನರ ಮನೆಯಲ್ಲಿ ಬಾಟಲಿ ಮುಚ್ಚಳ ಬಂದದ್ದು ಹೇಗೆ ಎಂಬ ಜಗಳ ಮಾತ್ರ ಚೆನ್ನಾಗಿ ನಡೆಯುತ್ತದೆ.

ಕರಣೆ ಹಿಡಿಯುವ ರೀತಿ

ಗಾರೆ ಕೆಲಸದ ಚಿಕ್ಕ ಚೂಪು ಕರಣೆ ಸಾಕು. ನಾಲ್ಕು ಅಂಗುಲದ್ದು ಮಕ್ಕಳ ಕೈಗೂ ಹಿಡಿಸುತ್ತದೆ. ತುದಿಯಿಂದ ಕುಕ್ಕಬಾರದು. ಕರಣೆಯ ಅಂಚನ್ನು ನೆಲಕ್ಕೆ ಚಪ್ಪಟೆಯಾಗಿ ಓರೆ ಹಿಡಿದು ತನ್ನ ಕಡೆಗೆ ಎಳೆಯಬೇಕು; ತಟ್ಟೆಯ ಅಂಚಿನಲ್ಲಿ ಅಂಟಿದ್ದನ್ನು ಹೆರೆದಂತೆ, ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್ ಮಣ್ಣು ಬರಬೇಕು. ಹೆರೆದ ಭಾಗದ ಮೇಲೆ ಮೊಣಕಾಲು ಊರದಂತೆ ಹಿಂದೆ ಹಿಂದೆ ಸರಿಯಬೇಕು. ಪೆಟ್ಟಿಗೆಯ ಮೇಲೆ ಅಡ್ಡ ಹಲಗೆ ಹಾಕಿದರೆ ಪದರ ತುಳಿಯುವ ಭಯವಿಲ್ಲ. ಕುಂಚ ಒಣ ಮಣ್ಣಿಗೆ ಮಾತ್ರ. ಒದ್ದೆ ಮಣ್ಣಿನ ಮೇಲೆ ಕುಂಚ ಆಡಿಸಿದರೆ ಬಣ್ಣಗಳೆಲ್ಲ ಕಲಸಿ ಒಂದಾಗುತ್ತವೆ. ಸಿನಿಮಾ ನೋಡಿ ಬಂದವರಿಗೆ ಇದನ್ನು ಒಪ್ಪಿಸುವುದು ಕಷ್ಟ. ಎಲ್ಲರಿಗೂ ಮೊದಲು ಕುಂಚವೇ ಬೇಕು.

ಏನಾದರೂ ತಲೆ ಎತ್ತಿದರೆ ಎಳೆಯಬಾರದು. ಸುತ್ತಲಿನ ಮಣ್ಣನ್ನು ಅದೇ ಮಟ್ಟಕ್ಕೆ ಇಳಿಸಿ, ವಸ್ತು ತಾನಾಗಿ ಸಡಿಲವಾಗುವವರೆಗೆ ಕಾಯಬೇಕು. ಕಾಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನು ಹೇಳುವ ಕಥೆ ಆಲ್ಪ್ಸ್ ಹಿಮದಲ್ಲಿ 1991ರ ಸೆಪ್ಟೆಂಬರಿನಲ್ಲಿ ಸಿಕ್ಕಿದ, ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯ ಓಟ್ಜಿಯದು. ಈಚೆಗೆ ಸತ್ತ ಪರ್ವತಾರೋಹಿ ಇರಬೇಕೆಂದು ಭಾವಿಸಿ ಹಿಮದಿಂದ ಬಿಡಿಸಲು ಹೋದವರ ಯಂತ್ರದ ಉಳಿ ಅವನ ಸೊಂಟಕ್ಕೇ ತಗುಲಿತು. ಇಷ್ಟು ಹೇಳಿದರೆ ಸಾಕು, ಪೆಟ್ಟಿಗೆಯ ಸುತ್ತ ಕೈಗಳು ನಿಧಾನವಾಗುತ್ತವೆ.

ಐದು ಜನರಿಗೆ ನಾಲ್ಕು ಕೆಲಸ ಹಂಚಿ: ಇಬ್ಬರು ಹೆರೆಯಲಿ, ಒಬ್ಬರು ಜರಡಿ ಹಿಡಿಯಲಿ, ಒಬ್ಬರು ನಕ್ಷೆ ಬರೆಯಲಿ, ಒಬ್ಬರು ಚೀಟಿ ಬರೆಯಲಿ. ಹತ್ತು ನಿಮಿಷಕ್ಕೊಮ್ಮೆ ಬದಲಾಗಲಿ. ನಕ್ಷೆಗೆ ಒಂದು ಮೀಟರ್ ಚೌಕದ ಮರದ ಚೌಕಟ್ಟು ಮಾಡಿ, ಹತ್ತು ಸೆಂಟಿಮೀಟರಿಗೊಂದರಂತೆ ದಾರ ಕಟ್ಟಿ. ಗ್ರಾಫ್ ಹಾಳೆಯಲ್ಲಿ ದಾರದ ಒಂದು ಚೌಕ ಒಂದು ಸೆಂಟಿಮೀಟರ್ ಆಗುತ್ತದೆ. ಇದು 1:10 ಪ್ರಮಾಣ. ಲೆಕ್ಕ ಬಾಯಲ್ಲೇ ಆಗುತ್ತದೆ. ನೋಡುವಾಗ ತಲೆ ದಾರದ ನೇರ ಮೇಲಿರಬೇಕು; ಓರೆಯಾಗಿ ನೋಡಿದರೆ ಒಲೆ ಪಕ್ಕದ ಚೌಕಕ್ಕೆ ಜಾರುತ್ತದೆ. ನಕ್ಷೆಯಲ್ಲಿ ಉತ್ತರದ ಬಾಣ, ದಿನಾಂಕ, ಬರೆದವರ ಹೆಸರಿನ ಮೊದಲ ಅಕ್ಷರ ಇಲ್ಲದಿದ್ದರೆ ಹಾಳೆ ವಾಪಸು ಕೊಡಿ. ಈ ವಿಷಯದಲ್ಲಿ ನಾನು ಕರುಣೆಯಿಲ್ಲದವನು.

ಒಂದು ತಂಡಕ್ಕೆ ಪೆಟ್ಟಿಗೆಯ ಅರ್ಧ ಭಾಗ ಮಾತ್ರ ಕೊಡಿ. ಉಳಿದರ್ಧದ ಲಂಬ ಅಂಚಿನಲ್ಲಿ ಪದರಗಳು ಕಣ್ಣಿಗೆ ಕಟ್ಟುವಂತೆ ನಿಲ್ಲುತ್ತವೆ. ಮತ್ತೆ ತುಂಬಲು ಮುಕ್ಕಾಲು ಗಂಟೆ ಬೇಕು, ಅದನ್ನು ವೇಳಾಪಟ್ಟಿಯಲ್ಲಿ ಮೊದಲೇ ಬರೆದುಕೊಳ್ಳಿ. ಬಣ್ಣದ ಮಣ್ಣುಗಳಿಗೆ ಬೇರೆ ಬೇರೆ ಡಬ್ಬ ಇಡದಿದ್ದರೆ ಮೂರನೆಯ ದಿನಕ್ಕೆ ಎಲ್ಲವೂ ಒಂದೇ ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಮಣ್ಣನ್ನು ಬೆರಳಲ್ಲಿ ಓದುವುದು

ಏನೂ ಖರ್ಚಿಲ್ಲದ, ಆದರೂ ಹೆಚ್ಚಿನವರು ಮರೆತೇಬಿಡುವ ಚಟುವಟಿಕೆ ಇದು. ಪ್ರತಿ ಪದರದಿಂದ ಒಂದು ಚಿಟಿಕೆ ಮಣ್ಣು ತೆಗೆದು ಸ್ವಲ್ಪ ನೀರು ಬೆರೆಸಿ ಉಂಡೆ ಮಾಡಿಸಿ. ಉಂಡೆ ನಿಲ್ಲದೆ ಉದುರಿದರೆ ಮರಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿದಾಗ ಉದ್ದನೆಯ ಪಟ್ಟಿಯಾಗಿ ಇಳಿದರೆ ಜೇಡಿ. ಹಿಟ್ಟಿನಂತೆ ನುಣ್ಣಗಿದ್ದು, ಪಟ್ಟಿಯಾಗುವ ಮೊದಲೇ ತುಂಡಾದರೆ ಹೂಳುಮಣ್ಣು. ಆಮೇಲೆ ಬಣ್ಣ: ತೇವ ಮಾಡಿದ ಮಣ್ಣನ್ನು, ಪ್ರತಿ ಬಣ್ಣಕ್ಕೂ ಒಂದು ಗುರುತಿನ ಸಂಖ್ಯೆ ಕೊಟ್ಟಿರುವ ಮನ್ಸೆಲ್ ಬಣ್ಣದ ಪಟ್ಟಿಯ ರಂಧ್ರದ ಹಿಂದೆ ಹಿಡಿದು ಹೋಲಿಸಬೇಕು. "ಕಂದು" ಎಂದರೆ ಒಬ್ಬೊಬ್ಬರಿಗೆ ಒಂದೊಂದು. "10 ವೈಆರ್ 4/3" ಎಂದರೆ ಜಗತ್ತಿನ ಯಾವ ಮೂಲೆಯ ಪುರಾತತ್ವಜ್ಞರಿಗೂ ಒಂದೇ ಕಂದು. ಪಟ್ಟಿ ಇಲ್ಲದಿದ್ದರೆ ಬಣ್ಣದ ಅಂಗಡಿಯ ಮಾದರಿ ಚೀಟಿಗಳಲ್ಲೇ ಆಟ ನಡೆಸಬಹುದು. ಹೋಲಿಕೆ ಹಗಲು ಬೆಳಕಿನಲ್ಲಿ ನಡೆಯಬೇಕು, ತಂಪು ಕನ್ನಡಕ ತೆಗೆದಿರಬೇಕು.

ಬೋಕಿ ತೊಳೆಯುವ ತೊಟ್ಟಿ

ಜನರನ್ನು ನಿಜವಾದ ಉತ್ಖನನದ ಕೆಲಸಕ್ಕೆ ಸೇರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ವಯಸ್ಸಾದವರು, ಮಕ್ಕಳು, ಬಗ್ಗಿ ಅಗೆಯಲಾಗದವರು ಎಲ್ಲರೂ ಕುರ್ಚಿಯಲ್ಲಿ ಕುಳಿತು ಮಾಡಬಹುದು. ಕೈ ಕೆಲಸ ಮಾಡುವಾಗ ಬಾಯಿ ಮಾತಾಡುತ್ತದೆ. ಸಂದರ್ಶಕರ ಒಳ್ಳೆಯ ಪ್ರಶ್ನೆಗಳೆಲ್ಲ ನನಗೆ ಸಿಕ್ಕಿದ್ದು ಇಲ್ಲೇ.

ಒಂದು ತೊಟ್ಟಿಗೆ ಒಂದೇ ಚೀಲ. ಚೀಲ ಬಿಚ್ಚುವ ಮೊದಲು ಅದರ ಚೀಟಿಯನ್ನು ಒಣಗಿಸುವ ತಟ್ಟೆಗೆ ಕ್ಲಿಪ್ ಹಾಕಿ ಸಿಗಿಸಬೇಕು, ಆಮೇಲೆ ಬೋಕಿಗಳನ್ನು ಎಣಿಸಬೇಕು. ತಣ್ಣೀರು, ಮೃದು ಹಲ್ಲುಜ್ಜುವ ಬ್ರಷ್ ಸಾಕು, ಸೋಪು ಬೇಡ. ನೆನೆಹಾಕಬಾರದು, ಅದ್ದಿ ತೆಗೆಯಬೇಕು. ಮೈಗಿಂತ ಹೆಚ್ಚು ಗಮನ ಒಡೆದ ಅಂಚಿಗೆ ಕೊಡಬೇಕು: ಜೇಡಿಯಲ್ಲಿ ಏನು ಬೆರೆಸಿದ್ದರು, ಎಷ್ಟು ಕಾವಿನಲ್ಲಿ ಸುಟ್ಟಿದ್ದರು ಎಂಬುದು ಅಲ್ಲಿ ಕಾಣುತ್ತದೆ, ಮುಂದೆ ಜೋಡಿಸುವವರಿಗೂ ಶುಚಿಯಾದ ಅಂಚು ಬೇಕು. ಹೊರಗೆ ಕೆಂಪು, ನಡುವೆ ಕಪ್ಪು ಗೆರೆ ಕಂಡರೆ ತೋರಿಸಿ: ಒಲೆಯ ಗಾಳಿ ಒಳತಿರುಳಿನ ಇಂಗಾಲವನ್ನು ಪೂರ್ತಿ ಸುಡಲು ಸಾಲಲಿಲ್ಲ. ಒಣಗಿಸುವುದು ನೆರಳಿನಲ್ಲಿ.

ತೊಳೆಯಬಾರದ್ದನ್ನು ಮೊದಲೇ ಪ್ರತ್ಯೇಕಿಸಿ ಇಡುವುದು ಸಿಬ್ಬಂದಿಯ ಕೆಲಸ, ಸಂದರ್ಶಕರದಲ್ಲ. ಸುಡದ ಜೇಡಿಯ ಗೊಂಬೆ ನೀರಿಗೆ ಬಿದ್ದರೆ ಕೆಸರು. ಒಳಗೋಡೆಯಲ್ಲಿ ಅಡುಗೆಯ ಕರಕಲು ಅಂಟಿದ ಬೋಕಿ ಪ್ರಯೋಗಾಲಯಕ್ಕೆ ಹೋಗಬೇಕು. ಲೋಹಕ್ಕೆ ನೀರೇ ಶತ್ರು. ಬಣ್ಣ ಬಳಿದದ್ದಂತೂ ದೂರವೇ ಇರಲಿ: ಚೀನಾದಲ್ಲಿ 1974ರಲ್ಲಿ ಪತ್ತೆಯಾದ ಮಣ್ಣಿನ ಸೈನಿಕರ ಬಣ್ಣದ ಲೇಪ ಹೊರಗಿನ ಒಣ ಗಾಳಿ ತಾಕಿದ ಕೆಲವೇ ನಿಮಿಷಗಳಲ್ಲಿ ಸುರುಳಿ ಸುತ್ತಿ ಏಳತೊಡಗುತ್ತದೆ.

ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ, ನೀರಿಗೆ ಶಾಯಿ ಹರಡುತ್ತದೆ. ಮತ್ತೆ, ಕ್ಲಿಪ್ ಹಾಕಿ ಎಂದು ಎರಡು ಸಲ ಹೇಳುತ್ತಿದ್ದೇನೆ. ಒಂದು ಮಧ್ಯಾಹ್ನ ಗಾಳಿಗೆ ಎರಡು ತಟ್ಟೆಗಳ ಚೀಟಿ ಒಟ್ಟಿಗೆ ಹಾರಿಹೋದವು. ಎರಡೂ ಚೀಟಿ ಸಿಕ್ಕವು. ಯಾವುದು ಯಾವ ತಟ್ಟೆಯದು ಎಂಬುದು ಮಾತ್ರ ಸಿಗಲಿಲ್ಲ. ಎಪ್ಪತ್ತಕ್ಕೂ ಹೆಚ್ಚು ಬೋಕಿಗಳು ಆ ಒಂದು ಗಾಳಿಗೆ ಊರಿಲ್ಲದವಾದವು. ಈಗ ಅವು ನಮ್ಮ ಎರಡನೆಯ ರಾಶಿಯಲ್ಲಿವೆ, ಮಕ್ಕಳ ಕೈಗೆ ಕೊಡುವುದು ಅವನ್ನೇ.

ಬಕೆಟ್ಟಿನಲ್ಲಿ ತೇಲುವ ಹಳೆಯ ಬೆಳೆ

ಜರಡಿ ಎಲ್ಲರಿಗೂ ಗೊತ್ತು: ಐದು ಮಿಲಿಮೀಟರ್ ಕಣ್ಣಿನದು, ಇಬ್ಬರು ಎರಡು ಕಡೆ ಹಿಡಿದು ಆಡಿಸುವುದು. ಅದಕ್ಕಿಂತ ಸೊಗಸಾದದ್ದು ತೇಲಿಸುವ ಕೆಲಸ. ಸುಟ್ಟು ಇದ್ದಿಲಾದ ಕಾಳು ಕೊಳೆಯದೆ ಸಾವಿರಾರು ವರ್ಷ ಉಳಿಯುತ್ತದೆ, ನೀರಿಗಿಂತ ಹಗುರವಾದ್ದರಿಂದ ತೇಲುತ್ತದೆ.

ಒಂದು ಬಕೆಟ್ಟಿಗೆ ಮೂರು ಲೀಟರ್ ಮಣ್ಣು ಹಾಕಿ, ನೀರು ತುಂಬಿ, ಕೈಯಿಂದ ಮೆಲ್ಲಗೆ ಉಂಡೆ ಬಿಡಿಸಿ. ಕದಡಬೇಡಿ, ಕಾಳು ಮುರಿಯುತ್ತದೆ. ಕೆಲವು ಕ್ಷಣ ಬಿಟ್ಟರೆ ಮಣ್ಣು ಕೆಳಗಿಳಿದು ಕಪ್ಪು ಚುಕ್ಕೆಗಳು ಮೇಲೇರುತ್ತವೆ. ತಳದ ಕೆಸರು ಅಲುಗದಂತೆ ಮೇಲಿನ ನೀರನ್ನು ತೆಳು ಬಲೆಯ ಮೇಲೆ ಬಗ್ಗಿಸಿ. ಬಲೆಯ ಕಣ್ಣು ಕಾಲು ಮಿಲಿಮೀಟರಿನಷ್ಟಿರಲಿ. ಕಪ್ಪು ಬರುವುದು ನಿಲ್ಲುವವರೆಗೆ ಹೀಗೆ ಮಾಡಿ. ಬಲೆಯನ್ನು ಗಂಟು ಕಟ್ಟಿ ನೆರಳಲ್ಲಿ ತೂಗುಹಾಕಿ. ಬಿಸಿಲಿಗೆ ಹಿಡಿದರೆ ಕಾಳು ಬಿರಿಯುತ್ತದೆ.

ಸಂದರ್ಶಕರ ಕೈಗೆ ನಿಜವಾದ ಮಾದರಿ ಕೊಡುವ ಮೊದಲು ಅವರ ಕೈಯನ್ನು ಪರೀಕ್ಷಿಸಬಹುದು. ಗಸಗಸೆಯನ್ನು ಗಾಳಿಯಾಡದಂತೆ ಲೋಹದ ಹಾಳೆಯಲ್ಲಿ ಸುತ್ತಿ, ನಿಧಾನವಾಗಿ ಕರಕಲು ಮಾಡಿ, ಲೆಕ್ಕ ಹಾಕಿ ನೂರು ಕಾಳನ್ನು ಬರಡು ಮಣ್ಣಿಗೆ ಬೆರೆಸಿ. ತೇಲಿಸಿದ ಮೇಲೆ ಭೂತಗನ್ನಡಿ ಹಿಡಿದು ಎಣಿಸಲಿ. ಎಂಬತ್ತು ಸಿಕ್ಕವರಿಗೂ ನಲವತ್ತು ಸಿಕ್ಕವರಿಗೂ ನಡುವೆ ಏನು ವ್ಯತ್ಯಾಸ, ಯಾರು ಆತುರಪಟ್ಟರು ಎಂದು ಅವರೇ ಹುಡುಕುತ್ತಾರೆ. ಇದು ಮಕ್ಕಳಿಗೆಂದು ಕಟ್ಟಿದ ಆಟವಲ್ಲ; ತಮ್ಮ ಉಪಕರಣ ಎಷ್ಟು ಹಿಡಿಯುತ್ತದೆ, ಎಷ್ಟು ಬಿಡುತ್ತದೆ ಎಂದು ತಿಳಿಯಲು ಸಸ್ಯಾವಶೇಷ ತಜ್ಞರು ಮಾಡುವ ಪರೀಕ್ಷೆಯೇ ಇದು.

ಒಡೆದದ್ದನ್ನು ಕೂಡಿಸುವುದು

ಹೂಕುಂಡ ಒಡೆದು ಮತ್ತೆ ಜೋಡಿಸುವ ಆಟ ಎಲ್ಲ ಕಡೆ ಇದೆ. ಎರಡು ಮಾತು ಮಾತ್ರ. ಅಂಟು ಕೊಡಬೇಡಿ, ಕಾಗದದ ಟೇಪು ಸಾಕು, ತಪ್ಪಿದರೆ ಬಿಚ್ಚಬಹುದು. ಸಂರಕ್ಷಕರು ಬಳಸುವ ಅಂಟೂ ಅಸಿಟೋನಿನಲ್ಲಿ ಕರಗಿಸಿ ಬಿಡಿಸಬಹುದಾದದ್ದೇ. ತಳದಿಂದ ಶುರುಮಾಡಿಸಿ, ಜೋಡಿಸಿದ ಭಾಗವನ್ನು ಮರಳಿನ ತಟ್ಟೆಯಲ್ಲಿ ಊರಿ ನಿಲ್ಲಿಸಿ.

ಬಾಯಂಚಿನ ಒಂದೇ ತುಂಡಿನಿಂದ ಇಡೀ ಮಡಕೆಯ ಅಗಲ ಕಂಡುಹಿಡಿಯುವುದು ಇನ್ನೂ ಮೋಜಿನದು. ಹಾಳೆಯ ಮೇಲೆ ಒಂದೇ ಕೇಂದ್ರದಿಂದ ಒಂದೊಂದು ಸೆಂಟಿಮೀಟರ್ ಅಂತರದಲ್ಲಿ ಅರ್ಧವೃತ್ತಗಳನ್ನು ಎಳೆದುಕೊಡಿ. ತುಂಡಿನ ಅಂಚನ್ನು ಮಡಕೆ ಬೋರಲು ಹಾಕಿದಂತೆ ಹಾಳೆಯ ಮೇಲೆ ನಿಲ್ಲಿಸಿ, ಯಾವ ವೃತ್ತಕ್ಕೆ ಬೆಳಕಿನ ಸಂದಿಲ್ಲದೆ ಕೂರುತ್ತದೆಯೋ ಅದೇ ಮಡಕೆಯ ಬಾಯಿ.

ಕಲ್ಲಿನ ಬರಹ: ಬೆಳಕೇ ಸಾಕು

ಶಾಸನದ ಅಚ್ಚು ತೆಗೆಯುವ ಕೆಲಸ ಜನರಿಗೆ ಬಹಳ ಇಷ್ಟ. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಕುಂಚದಿಂದ ಬಡಿದು ಅಕ್ಷರದ ಗುಳಿಗಳಿಗೆ ಇಳಿಸಿ, ಅರೆ ಒಣಗಿದಾಗ ಶಾಯಿ ಹಚ್ಚಿದ ಬಟ್ಟೆಯ ಉಂಡೆಯಿಂದ ಮೇಲ್ಮೈ ತಟ್ಟಿದರೆ ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಮೂಡುತ್ತದೆ. ಇದನ್ನು ಸಿಮೆಂಟಿನ ಪ್ರತಿಕೃತಿಯ ಮೇಲಷ್ಟೇ ಮಾಡಿಸಿ. ಹವೆಗೆ ಸವೆದ ಮೂಲ ಕಲ್ಲು ಬಡಿತಕ್ಕೆ ಹಕ್ಕಳೆಯೇಳುತ್ತದೆ. ಶಾಯಿ ಇಳಿದರೆ ಹೋಗುವುದಿಲ್ಲ. ಮೂಲ ಕಲ್ಲಿನ ಮುಂದೆ ಟಾರ್ಚ್ ಕೊಡಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಕಲ್ಲಿನ ಮೈಗೆ ಸವರುವಂತೆ ಪಕ್ಕದಿಂದ ಹಿಡಿದರೆ, ಹಗಲಿನಲ್ಲಿ ಬರೀ ಬಂಡೆಯಂತಿದ್ದದ್ದರ ಮೇಲೆ ಸಾಲು ಸಾಲು ಅಕ್ಷರ ನೆರಳಾಗಿ ಎದ್ದು ನಿಲ್ಲುತ್ತವೆ. ಯಾರೂ ಏನನ್ನೂ ಮುಟ್ಟಿರುವುದಿಲ್ಲ. ಕಣ್ಣು ಕಾಣದವರಿಗೆ ಅದೇ ಪ್ರತಿಕೃತಿಯನ್ನು ಕೈಯಿಂದ ಓದಲು ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿಸಿಡಿ. ಗೋಡೆಗೆ ನಿಲ್ಲಿಸಿದರೆ ತೋಳು ಸೋಲುತ್ತದೆ.

ಕಲ್ಲಾಯುಧ, ಬೆಂಕಿ, ಕದಿರು

ಪ್ರಾಚೀನರ ಕೆಲಸವನ್ನು ಮತ್ತೆ ಮಾಡಿ ನೋಡುವ ಸಂಪ್ರದಾಯಕ್ಕೆ ಡೆನ್ಮಾರ್ಕಿನ ಲೈರದ ಪ್ರಯೋಗ ಕೇಂದ್ರ 1964ರಿಂದ, ಇಂಗ್ಲೆಂಡಿನ ಬಟ್ಸರ್ ಪ್ರಾಚೀನ ಕೃಷಿ ಕೇಂದ್ರ 1972ರಿಂದ ನೆಲೆಯಾಗಿವೆ. ಕದಿರಿನಲ್ಲಿ ನೂಲುವುದು, ಜೇಡಿಯ ಹುರಿ ಸುತ್ತಿ ಮಡಕೆ ಮಾಡುವುದು, ಮುದ್ರೆ ಒತ್ತುವುದು ಎಲ್ಲರೂ ಮಾಡಬಹುದಾದವು. ಕಲ್ಲು ಸೀಳುವುದನ್ನು ತಿಳಿದವರು ಮಾಡಿ ತೋರಿಸಲಿ, ಜನ ನೋಡಲಿ. ಚಕ್ಕೆಯ ಅಂಚು ಗಾಜಿನಷ್ಟೇ ಹರಿತ. ಅದರ ಸಿಲಿಕಾ ದೂಳು ಶ್ವಾಸಕೋಶಕ್ಕೆ ವಿಷ. ಬಯಲಲ್ಲಿ, ಕನ್ನಡಕ ಹಾಕಿಕೊಂಡು, ಟಾರ್ಪಾಲಿನ ಮೇಲೆ ಕುಳಿತೇ ಮಾಡಬೇಕು. ಟಾರ್ಪಾಲ್ ಏಕೆ? ಇಂದಿನ ಚಕ್ಕೆ ನೆಲೆಯ ಮಣ್ಣಿಗೆ ಬಿದ್ದರೆ ನಾಳಿನವರು ಅದನ್ನು ಶಿಲಾಯುಗದ್ದೆಂದು ಬರೆದುಕೊಳ್ಳುತ್ತಾರೆ.

ನಿಜವಾದ ಉತ್ಖನನಕ್ಕೆ ಜನರನ್ನು ಕರೆಯುವಾಗ

ಅನುಮತಿ ಯಾರ ಹೆಸರಿನಲ್ಲಿದೆ, ಅದರ ಷರತ್ತು ಸಾರ್ವಜನಿಕರಿಗೆ ಕರಣೆ ಹಿಡಿಯಲು ಬಿಡುತ್ತದೆಯೇ ಎಂಬುದನ್ನು ಮೊದಲು ಲಿಖಿತವಾಗಿ ಪಡೆದುಕೊಳ್ಳಿ. ಆಮೇಲೆ ಗುಂಡಿಯ ಅಂಚಿನ ಮಾತು. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಕುಸಿದರೆ ಕೂಗಲೂ ಸಮಯವಿರುವುದಿಲ್ಲ. ಸೊಂಟದ ಎತ್ತರಕ್ಕಿಂತ ಆಳವಾದ ಗುಂಡಿಗೆ ಸಂದರ್ಶಕರನ್ನು ಇಳಿಸಬೇಡಿ. ಅಂಚಿನಿಂದ ಒಂದು ಮೀಟರ್ ಹಿಂದೆ ಹಗ್ಗ ಕಟ್ಟಿ. ಅಗೆದ ಮಣ್ಣಿನ ರಾಶಿಯೂ ಅಂಚಿನಿಂದ ದೂರವಿರಲಿ. ಹಗ್ಗದ ಹಿಂದೆ ನಿಂತವರಿಗೂ ಪದರ ಕಾಣಬೇಕಾದರೆ ಗುಂಡಿಯ ಒಂದು ಗೋಡೆಯನ್ನು ಬೆಳಿಗ್ಗೆ ಹೊಸದಾಗಿ ಹೆರೆದು ನೀರು ಚಿಮುಕಿಸಿ, ಬಣ್ಣಗಳು ಎದ್ದು ಕಾಣುತ್ತವೆ.

ನಾಲ್ಕು ಸಂದರ್ಶಕರಿಗೆ ಒಬ್ಬ ಅನುಭವಿ ಇರಬೇಕು. ಸಂದರ್ಶಕರಿಗೆ ಕೊಡುವುದು ನೆಲೆಯ ಅತಿ ಸೂಕ್ಷ್ಮ ಭಾಗವಲ್ಲ, ಅತಿ ಬೇಸರದ ಭಾಗವೂ ಅಲ್ಲ. ಏನೂ ಸಿಗದ ದಿನಗಳೇ ಹೆಚ್ಚು. ಆ ಮಾತನ್ನು ಬೆಳಿಗ್ಗೆಯೇ ಹೇಳಿಬಿಡಿ. ಯಾರಿಗೂ ನಿರಾಸೆಯಾಗಬಾರದೆಂದು ಹಿಂದಿನ ಸಂಜೆ ಎರಡು ಬೋಕಿ ತಂದು ಹೂಳುವ ಮಹನೀಯರನ್ನು ಕಂಡಿದ್ದೇನೆ. ನಿಜವಾದ ಪದರದಲ್ಲಿ ಹಾಗೆ ಮಾಡುವುದು ಸುಳ್ಳು ದಾಖಲೆ ಸೃಷ್ಟಿ.

ಸ್ವಯಂಸೇವಕರ ಕೈಯಿಂದಲೇ ವರ್ಷ ವರ್ಷವೂ ಅಗೆತ ನಡೆಸುವ ರೋಮನ್ ಕೋಟೆಯ ನೆಲೆ ಇಂಗ್ಲೆಂಡಿನ ವಿಂಡೊಲಾಂಡ. ಅಲ್ಲಿ 1973ರಲ್ಲಿ ಪುರಾತತ್ವಜ್ಞ ರಾಬಿನ್ ಬರ್ಲಿ ಅವರ ಕೈಗೆ ಬಂದದ್ದು ಮೊದಲ ನೋಟಕ್ಕೆ ಬಡಗಿಯ ಹತ್ತರಿಯಿಂದ ಉದುರಿದ ಹೊಟ್ಟಿನಂಥ ತೆಳು ಮರ. ಅಂಟಿಕೊಂಡಿದ್ದ ಎರಡು ತುಂಡು ಬಿಡಿಸಿದರೆ ಒಳಗೆ ಶಾಯಿಯ ಬರಹ. ಹೊಸಬರಿಗೆ ಇದನ್ನು ಹೇಳಿ, "ಕಸ ಎನಿಸಿದ್ದನ್ನು ಎಸೆಯುವ ಮೊದಲು ತೋರಿಸಿ" ಎಂಬ ಒಂದೇ ನಿಯಮ ಕೊಡುತ್ತೇನೆ.

ಮೊಬೈಲ್ ಫೋಟೋಗೆ ನಿಷೇಧ ಹೇರಿದರೆ ಕದ್ದು ತೆಗೆಯುತ್ತಾರೆ. ಬದಲಿಗೆ ಉದ್ದಳತೆಯ ಪಟ್ಟಿ, ಉತ್ತರದ ಬಾಣ ಇಟ್ಟು ಎಲ್ಲರೂ ಒಟ್ಟಿಗೆ ಫೋಟೋ ತೆಗೆಯುವ ಒಂದು ಹೊತ್ತು ಗೊತ್ತುಮಾಡಿ. ಫೋಟೋದಲ್ಲಿ ಸ್ಥಳದ ಗುರುತು ಸೇರಿಕೊಳ್ಳದಂತೆ ಫೋನಿನಲ್ಲಿ ಬದಲಿಸುವುದನ್ನು ಕಲಿಸಿ. ಲೋಹಶೋಧಕ ಹಿಡಿದು ರಾತ್ರಿ ಬರುವವರಿಗೆ ನಕ್ಷೆ ಕೊಡುವ ಅಗತ್ಯವಿಲ್ಲ. ಬೆಲೆಬಾಳುವುದು ಸಿಕ್ಕಿದ ದಿನ ಅದನ್ನು ತೆಗೆದು ಸುರಕ್ಷಿತವಾಗಿಟ್ಟ ಮೇಲಷ್ಟೇ ಸುದ್ದಿ ಹೊರಗೆ ಹೋಗಲಿ.

ಮುಚ್ಚುವ ದಿನ

ಹೆಚ್ಚಿನ ಕಡೆ ಗುಂಡಿ ಮುಚ್ಚುವ ಕೆಲಸ ಯಂತ್ರಕ್ಕೆ ಬಿಟ್ಟು ಎಲ್ಲರೂ ಊರು ಸೇರುತ್ತಾರೆ. ನಾನು ಅದಕ್ಕೂ ಜನರನ್ನು ಕರೆಯುತ್ತೇನೆ. ತಳಕ್ಕೆ ನೀರು ಇಳಿಯುವ ಬಟ್ಟೆ ಹಾಸಬೇಕು. ಮುಂದೆ ಯಾರಾದರೂ ಅಗೆದರೆ ನಾವು ಎಲ್ಲಿಗೆ ನಿಂತೆವು ಎಂದು ತಿಳಿಯಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಪುರಾತತ್ವಜ್ಞ ಜನರಲ್ ಪಿಟ್-ರಿವರ್ಸ್ ತಾನು ಅಗೆದು ಮುಚ್ಚಿದ ಗುಂಡಿಗಳ ತಳದಲ್ಲಿ ಇದಕ್ಕಾಗಿಯೇ ಮಾಡಿಸಿದ ಲೋಹದ ಬಿಲ್ಲೆ ಇಡುತ್ತಿದ್ದ. ಈಗಲೂ ಅನೇಕರು ಆ ವರ್ಷದ ಒಂದು ನಾಣ್ಯ ಹಾಕುತ್ತಾರೆ. ನಮ್ಮಲ್ಲಿ ಮಕ್ಕಳು ಜೇಡಿಯ ಬಿಲ್ಲೆಯ ಮೇಲೆ ವರ್ಷ ಕೊರೆದು, ಸುಟ್ಟು ತರುತ್ತಾರೆ.

ಕಳೆದ ಸಲ ಬಿಲ್ಲೆ ಇಡಲು ಬಂದ ಹುಡುಗಿ ಬಟ್ಟೆಯ ಮೇಲೆ ಅದನ್ನು ಇಟ್ಟವಳು, ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿ ಬಂದಳು. ಪೂರ್ವದ ಗೋಡೆಯಿಂದ ಎಷ್ಟು, ಉತ್ತರದ ಗೋಡೆಯಿಂದ ಎಷ್ಟು ಎಂದು ಅಳತೆಪಟ್ಟಿ ಹಿಡಿದು ಅಳೆದು, ಪೆನ್ಸಿಲಿನಲ್ಲಿ ಚೀಟಿಯ ಮೇಲೆ ಬರೆದು ನನ್ನ ಕೈಗೆ ಕೊಟ್ಟಳು. ಉತ್ತರದ ಬಾಣ ಹಾಕಿರಲಿಲ್ಲ. ವಾಪಸು ಕೊಟ್ಟೆ.